ಚಂದದ ಹೋಟೆಲ್, ಸಾದಾ ಹೋಟೆಲ್, ಹಳೆಯ ದೊಡ್ಡ ಹೋಟೆಲ್: ಆರು ರಾತ್ರಿಗಳ ಲೆಕ್ಕ

ರಾತ್ರಿ ಎರಡು ಗಂಟೆ. ಅಮ್ಮ ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಗೋಡೆ ತಡವುತ್ತಿದ್ದಳು. ಬಾತ್‌ರೂಮಿನ ಸ್ವಿಚ್ ಸಿಗುತ್ತಿರಲಿಲ್ಲ. ಹಾಸಿಗೆಯ ಪಕ್ಕ ಒಂದು ಕಪ್ಪು ಗಾಜಿನ ಪಟ್ಟಿ ಇತ್ತು. ಅದರ ಒಂದು ಕಡೆ ಮುಟ್ಟಿದರೆ ಕಿಟಕಿಯ ಪರದೆ ಸರಿಯಿತು. ಇನ್ನೊಂದು ಕಡೆ ಮುಟ್ಟಿದರೆ ರೂಮಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು. ನಾನು ಗಾಬರಿಯಿಂದ ಎದ್ದು ಕೂತೆ. ಅಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಅವಳ ಮಂಡಿ ಆಪರೇಷನ್ ಆಗಿ ಎಂಟು ತಿಂಗಳಾಗಿದೆ. ಬಾತ್‌ರೂಮಿಗೆ ಹೋಗಲು ಒಂದು ಮೆಟ್ಟಿಲು ಹತ್ತಬೇಕಿತ್ತು. ಮೆಟ್ಟಿಲೂ ಕಪ್ಪು ಕಲ್ಲು, ನೆಲವೂ ಕಪ್ಪು ಕಲ್ಲು. ಅವಳು ಎಡವಲಿಲ್ಲ, ಅಷ್ಟು ಪುಣ್ಯ.

ಆ ರೂಮಿಗೆ ನಾನು ಕೊಟ್ಟಿದ್ದು ಸಾಧಾರಣ ಹೋಟೆಲಿನ ಬಾಡಿಗೆಯ ಮೂರು ಪಟ್ಟಿಗಿಂತ ಜಾಸ್ತಿ. ಈ ಲೆಕ್ಕ ಬರೆದಿಡಬೇಕು ಅಂತ ಅನ್ನಿಸಿದ್ದು ಆಗಲೇ.

ಕೆಲಸದ ಮೇಲೆ ಒಂದೇ ಊರಿನಲ್ಲಿ ಆರು ರಾತ್ರಿ ಇರಬೇಕಿತ್ತು. ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಆಫೀಸಿನವರು ಸಾದಾ ರೂಮಿನ ಬಾಡಿಗೆ ಕೊಡುತ್ತಾರೆ. ಅದರ ಮೇಲಿನದು ನನ್ನ ಕೈಯಿಂದ. ತುಂಬಾ ದಿನದಿಂದ ಫೋಟೋಗಳಲ್ಲಿ ನೋಡಿ ಆಸೆಪಟ್ಟ ಒಂದು ಹೋಟೆಲ್ ಅಲ್ಲಿತ್ತು. ಹೋಗಿಯೇ ಬಿಡೋಣ ಅನ್ನಿಸಿತು. ಆದರೆ ಅದು ಆ ದುಡ್ಡಿಗೆ ತಕ್ಕದ್ದೋ ಅಲ್ಲವೋ ಅಂತ ತಿಳಿಯಬೇಕಾದರೆ ಪಕ್ಕದಲ್ಲಿಟ್ಟು ನೋಡಲು ಇನ್ನೇನಾದರೂ ಬೇಕಲ್ವಾ? ಹಾಗಾಗಿ ಮೂರು ಹೋಟೆಲುಗಳಲ್ಲಿ ಎರಡೆರಡು ರಾತ್ರಿ ಬುಕ್ ಮಾಡಿದೆ. ಹೆಸರುಗಳು ಇಲ್ಲಿ ಬೇಡ. ನಾವಿಬ್ಬರೂ ಇಟ್ಟುಕೊಂಡ ಹೆಸರುಗಳಿಂದಲೇ ಕರೆಯುತ್ತೇನೆ: ಚಂದದ ಹೋಟೆಲ್, ಸಾದಾ ಹೋಟೆಲ್, ಹಳೆಯ ದೊಡ್ಡ ಹೋಟೆಲ್.

ಎರಡು ರಾತ್ರಿ ಯಾಕೆ ಅಂದರೆ, ಹೊಸ ಜಾಗದಲ್ಲಿ ಮೊದಲ ರಾತ್ರಿಯ ನಿದ್ದೆಯನ್ನು ನಂಬುವ ಹಾಗಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಇದನ್ನು ತೋರಿಸಿದರು. ಅಪರಿಚಿತ ಜಾಗದಲ್ಲಿ ಮೊದಲ ರಾತ್ರಿ ಮಲಗಿದಾಗ ಮಿದುಳಿನ ಒಂದು ಅರ್ಧ ಪೂರ್ತಿ ಆಳದ ನಿದ್ದೆಗೆ ಇಳಿಯುವುದಿಲ್ಲ, ಸದ್ದಿಗೆ ಕಿವಿ ಕೊಟ್ಟುಕೊಂಡೇ ಇರುತ್ತದೆ. ಒಂದೇ ರಾತ್ರಿ ಮಲಗಿ ಹಾಸಿಗೆ ಸರಿಯಿಲ್ಲ ಅಂದರೆ ಹಾಸಿಗೆಗೆ ಅನ್ಯಾಯ ಮಾಡಿದ ಹಾಗೆ. ಅದಕ್ಕೇ ನಿದ್ದೆಯ ವಿಷಯದಲ್ಲಿ ಎರಡನೇ ರಾತ್ರಿಯನ್ನೇ ಲೆಕ್ಕಕ್ಕೆ ಹಿಡಿದೆ.

ಈಗ ದುಡ್ಡು. ತೆರಿಗೆ, ಸೇವಾ ಶುಲ್ಕ, ತಿಂಡಿ ಎಲ್ಲ ಸೇರಿದ ಕೊನೆಯ ಬಿಲ್ಲನ್ನೇ ತೆಗೆದುಕೊಂಡಿದ್ದೇನೆ. ಬುಕ್ ಮಾಡುವಾಗ ತೋರಿಸುವ ಮೊದಲ ಸಂಖ್ಯೆ ಬೇರೆಯೇ ಇರುತ್ತದೆ. ಸಾದಾ ಹೋಟೆಲಿನ ಒಂದು ರಾತ್ರಿಯನ್ನು 100 ಅಂತ ಇಟ್ಟುಕೊಂಡರೆ, ಚಂದದ ಹೋಟೆಲ್ 310, ಹಳೆಯ ದೊಡ್ಡ ಹೋಟೆಲ್ 270. ಹಳೆಯದು ಈ ದರಕ್ಕೆ ಸಿಕ್ಕಿದ್ದು ಶುಕ್ರವಾರ, ಶನಿವಾರದ ರಾತ್ರಿಗಳಾದ್ದರಿಂದ. ವಾರದ ಮಧ್ಯೆ ಅದೇ ರೂಮು 400 ದಾಟುತ್ತಿತ್ತು. ಅಲ್ಲಿಗೆ ಬರುವವರು ಹೆಚ್ಚಾಗಿ ಕಂಪನಿ ಕೆಲಸದವರು, ವಾರದ ಕೊನೆಗೆ ಖಾಲಿ ಮಾಡುತ್ತಾರೆ. ಖಾಲಿ ಉಳಿದ ರಾತ್ರಿಯನ್ನು ಮಾರನೇ ದಿನ ಮಾರಲು ಆಗುವುದಿಲ್ಲವಲ್ಲ, ಅದಕ್ಕೆ ದರ ಇಳಿಯುತ್ತದೆ. ಚಂದದ ಹೋಟೆಲಿನಲ್ಲಿ ಇದು ತಿರುಗುಮುರುಗು. ಜನ ಅಲ್ಲಿಗೆ ಬರುವುದೇ ವಾರದ ಕೊನೆಗೆ. ನಾವು ಸೋಮವಾರ, ಮಂಗಳವಾರ ಇದ್ದೆವು, ಅದಕ್ಕೇ 310.

ಚಂದದ ಹೋಟೆಲಿನ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಒಳಗೆ ಕಾಲಿಟ್ಟ ತಕ್ಷಣ ನಮ್ಮಿಬ್ಬರ ಮಾತೂ ನಿಂತುಹೋಯಿತು. ಎತ್ತರದ ಲಾಬಿ, ಮಂದ ಬೆಳಕು, ಯಾವುದೋ ಮರದ ಪರಿಮಳ. ಸಂಜೆ ರೂಮಿನ ಕಿಟಕಿಕಟ್ಟೆಯ ಮೇಲೆ ಮೆತ್ತೆ ಹಾಕಿಕೊಂಡು ಅಮ್ಮ ಎರಡು ಗಂಟೆ ಕೂತಳು. ಹೊರಗೆ ಊರು ನಿಧಾನವಾಗಿ ಕತ್ತಲಾಗುತ್ತಿತ್ತು, ಒಳಗೆ ಗೋಡೆಯ ಮೇಲೆ ಬೆಳಕು ಜೇನಿನ ಬಣ್ಣಕ್ಕೆ ತಿರುಗುತ್ತಿತ್ತು. "ಇಷ್ಟು ಚೆನ್ನಾಗಿರೋ ಜಾಗದಲ್ಲಿ ನಾನು ಕೂತೇ ಇರಲಿಲ್ಲ ಕಣೇ" ಅಂದಳು. ಆ ಎರಡು ಗಂಟೆಗೆ ಬೆಲೆ ಇದೆ. ಅದನ್ನು ನಾನು ಲೆಕ್ಕದಿಂದ ತೆಗೆಯುವುದಿಲ್ಲ.

ಈ ಬಗೆಯ ಹೋಟೆಲುಗಳ ಮೂಲ ನೋಡಿದರೆ ಆ ಮಂದ ಬೆಳಕು ಎಲ್ಲಿಂದ ಬಂತು ಅಂತ ಅರ್ಥವಾಗುತ್ತದೆ. ನೋಟಕ್ಕೆ ಹೆಚ್ಚು ಒತ್ತು ಕೊಡುವ ಇಂಥ ಚಿಕ್ಕ ಹೋಟೆಲುಗಳಿಗೆ ಬುಟೀಕ್ ಹೋಟೆಲ್ ಅನ್ನುವ ಮಾತು ಹೆಚ್ಚು ಓಡಾಡಲು ಶುರುವಾಗಿದ್ದು 1984ರಲ್ಲಿ ನ್ಯೂಯಾರ್ಕಿನಲ್ಲಿ ಮಾರ್ಗನ್ಸ್ ಹೋಟೆಲ್ ತೆರೆದ ಮೇಲೆ. ಅದನ್ನು ತೆರೆದ ಇಯಾನ್ ಶ್ರೇಗರ್, ಸ್ಟೀವ್ ರುಬೆಲ್ ಇಬ್ಬರೂ ಅದಕ್ಕೆ ಮೊದಲು ಸ್ಟುಡಿಯೋ 54 ಎಂಬ ನೈಟ್‌ಕ್ಲಬ್ ನಡೆಸಿದವರು. ಜನ ಒಳಗೆ ಬಂದ ಕ್ಷಣದಲ್ಲಿ ಅವರನ್ನು ಹೇಗೆ ಬೆರಗಾಗಿಸಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಾವಿದ್ದ ಹೋಟೆಲಿಗೂ ಆ ಕ್ಷಣ ಚೆನ್ನಾಗಿ ಗೊತ್ತಿತ್ತು. ಆಮೇಲಿನ ಹನ್ನೆರಡು ಗಂಟೆಗಳ ಬಗ್ಗೆ ಅಷ್ಟು ಯೋಚಿಸಿರಲಿಲ್ಲ.

ಮಂಚ ತುಂಬಾ ತಗ್ಗು. ಫೋಟೋದಲ್ಲಿ ಅದು ಸೊಗಸು. ಮಂಡಿ ನೋವಿದ್ದವರಿಗೆ ಅಲ್ಲಿಂದ ಏಳುವುದು ಒಂದು ಕೆಲಸ. ನಾನು ಕೈ ಕೊಡದೆ ಅಮ್ಮ ಒಂದು ಸಲವೂ ಏಳಲಿಲ್ಲ. ಬಾತ್‌ರೂಮಿಗೆ ಗಾಜಿನ ಗೋಡೆ, ಅದಕ್ಕೆ ಪರದೆ ಇಲ್ಲ, ಬಾಗಿಲಿನ ಬದಲು ಒಂದು ತಿರುವು. ಒಬ್ಬರು ಸ್ನಾನಕ್ಕೆ ಹೋದರೆ ಇನ್ನೊಬ್ಬರು ಕಿಟಕಿಯ ಕಡೆ ಮುಖ ಮಾಡಿ ಕೂರಬೇಕು. ತಾಯಿ ಮಗಳು ನಾವು, ಹೇಗೋ ನಡೆಯಿತು. ಸಹೋದ್ಯೋಗಿಯ ಜೊತೆ ರೂಮು ಹಂಚಿಕೊಂಡವರ ಗತಿ ಏನು? ಬಟ್ಟೆ ಇಡಲು ಬೀರು ಇರಲಿಲ್ಲ, ಗೋಡೆಗೆ ನಾಲ್ಕು ಕೊಕ್ಕೆ ಇದ್ದವು. ಲ್ಯಾಪ್‌ಟಾಪ್ ಇಟ್ಟು ಬರೆಯಲು ಮೇಜಿಲ್ಲ. ಒಂದು ಪುಟ್ಟ ದುಂಡು ಕಲ್ಲಿನ ಸ್ಟೂಲ್ ಇತ್ತು, ಅದರ ಮೇಲೆ ದೊಡ್ಡದೊಂದು ಪುಸ್ತಕ ಇಟ್ಟಿದ್ದರು. ಚಾರ್ಜರ್ ಪಾಯಿಂಟ್ ಮಂಚದ ಹಿಂದೆ.

ಹಾಸಿಗೆ ಮಾತ್ರ ಬಹಳ ಚೆನ್ನಾಗಿತ್ತು. ದಿಂಬಿನ ಮೇಲೆ ಒಂದು ಚೀಟಿ: ಈ ಹಾಸು 1000 ಥ್ರೆಡ್ ಕೌಂಟಿನದು ಅಂತ. ಈ ಸಂಖ್ಯೆಗೆ ಮರುಳಾಗಬೇಡಿ. ಒಂದು ಚದರ ಇಂಚಿನಲ್ಲಿ ಅಡ್ಡ ಮತ್ತು ಉದ್ದ ಎಷ್ಟು ಎಳೆಗಳಿವೆ ಅನ್ನುವುದೇ ಥ್ರೆಡ್ ಕೌಂಟ್. ಅಷ್ಟು ಜಾಗದಲ್ಲಿ ಹಿಡಿಸುವ ನೂಲಿಗೆ ಒಂದು ಮಿತಿ ಇದೆ. ಅದನ್ನು ದಾಟಿ ಬರುವ ದೊಡ್ಡ ಸಂಖ್ಯೆಗಳು ಸಾಮಾನ್ಯವಾಗಿ ಹೊಸೆದ ನೂಲಿನ ಪ್ರತಿ ಎಳೆಯನ್ನೂ ಬೇರೆ ಬೇರೆಯಾಗಿ ಎಣಿಸಿದ್ದು. ಒಳ್ಳೆಯ ಉದ್ದನೆಯ ಹತ್ತಿ ಎಳೆಯ 300ರ ಹಾಸು ಎಷ್ಟೋ ಸಲ 1000ದ್ದಕ್ಕಿಂತ ಮೈಗೆ ಹಿತ. ಸಾದಾ ಹೋಟೆಲಿನ ಹಾಸು ಯಾವ ಚೀಟಿಯೂ ಇಲ್ಲದೆ ಅಷ್ಟೇ ಮೆತ್ತಗೆ, ಅಷ್ಟೇ ತಣ್ಣಗಿತ್ತು.

ನಿದ್ದೆ ಕೆಡಿಸಿದ್ದು ಸದ್ದು. ಮಾಳಿಗೆಯ ಮೇಲೆ ಬಾರ್ ಇದೆ. ಹಾಡು ಕೇಳಿಸುತ್ತಿರಲಿಲ್ಲ, ಅದರ ಗುದ್ದು ಮಾತ್ರ ಕಟ್ಟಡದ ಮೈಯಲ್ಲಿ ಹಾದು ಬರುತ್ತಿತ್ತು. ಮಾತಿನ ಸದ್ದನ್ನು ಗೋಡೆ ತಡೆಯುತ್ತದೆ, ತಗ್ಗು ಸ್ವರದ ಗುದ್ದನ್ನು ತಡೆಯುವುದು ತುಂಬಾ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯ ಒಳಗೆ ಸತತ ಸದ್ದು 30 ಡೆಸಿಬೆಲ್ ದಾಟಬಾರದು ಅಂದಿದೆ. ನನ್ನ ಫೋನಿನ ಆ್ಯಪ್ ರಾತ್ರಿ ಹನ್ನೊಂದೂವರೆಗೆ 40ರ ಸುತ್ತ ತೋರಿಸುತ್ತಿತ್ತು. ಫೋನಿನ ಅಳತೆ ಕರಾರುವಾಕ್ಕಲ್ಲ. ಆದರೆ ಮೂರು ಕಡೆಯೂ ಅದೇ ಫೋನ್, ಅದೇ ಜಾಗ, ದಿಂಬಿನ ಪಕ್ಕ. ಹೋಲಿಸಿ ನೋಡಲು ಅಷ್ಟು ಸಾಕು.

ಆ ಹೋಟೆಲಿನಲ್ಲಿ ನನಗೆ ನಿಜಕ್ಕೂ ಬೆಲೆಯುಳ್ಳದ್ದು ಅನ್ನಿಸಿದ್ದು ಬೇರೆ. ಬೆಳಗ್ಗೆ ಕೆಳಗಿಳಿದು ರಾತ್ರಿಯ ವಿಷಯ ಹೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಸುಮ್ನೆ ಕ್ಷಮೆ ಕೇಳಿ ಕಳಿಸಲಿಲ್ಲ. ಅಮ್ಮನ ಮಂಡಿ ಯಾವುದು, ಯಾವ ಕಡೆ ಮಲಗುತ್ತಾರೆ ಅಂತ ಕೇಳಿದಳು. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಮೆಟ್ಟಿಲಿನ ಅಂಚಿಗೆ ಬಿಳಿ ಟೇಪ್ ಹಚ್ಚಿತ್ತು. ಬಾತ್‌ರೂಮಿನ ತಿರುವಿನಲ್ಲಿ ಪುಟ್ಟ ರಾತ್ರಿದೀಪ ಉರಿಯುತ್ತಿತ್ತು. ಹಾಸಿಗೆಯ ಕೆಳಗೆ ಇನ್ನೊಂದು ಮೆತ್ತೆ ಹಾಕಿ ಎತ್ತರಿಸಿದ್ದರು. ಆ ಗಾಜಿನ ಪಟ್ಟಿಯ ಮೇಲೆ ಕೈಬರಹದ ಚೀಟಿಗಳು, ಯಾವುದು ಯಾವುದಕ್ಕೆ ಅಂತ. ಅಕ್ಷರ ದಪ್ಪವಾಗಿತ್ತು, ಅಮ್ಮ ಕನ್ನಡಕ ಇಲ್ಲದೆಯೂ ಓದಿದಳು. ಎರಡನೇ ರಾತ್ರಿ ಅವಳೇ ಎದ್ದು ಹೋಗಿ ಬಂದಳು, ನನ್ನನ್ನು ಎಬ್ಬಿಸಲಿಲ್ಲ.

ಸಾದಾ ಹೋಟೆಲಿನಲ್ಲಿ ಬಾಗಿಲು ತೆಗೆದ ತಕ್ಷಣ ಕೈ ಹೋದಲ್ಲೇ ಸ್ವಿಚ್ ಇತ್ತು. ಇದನ್ನು ಬರೆಯಲು ಕಾರಣವಿದೆ. ಎಲ್ಸ್‌ವರ್ತ್ ಸ್ಟ್ಯಾಟ್ಲರ್ 1908ರಲ್ಲಿ ಅಮೆರಿಕದ ಬಫಲೋದಲ್ಲಿ ಹೋಟೆಲ್ ಕಟ್ಟಿಸಿದಾಗ ಪ್ರತಿ ರೂಮಿಗೂ ಅದರದೇ ಬಾತ್‌ರೂಮು ಕೊಟ್ಟ. ಬಾಗಿಲಿನ ಒಳಗೇ ಕೈಗೆ ಸಿಗುವ ಹಾಗೆ ಲೈಟಿನ ಸ್ವಿಚ್ ಇಡಿಸಿದ. ಕತ್ತಲಲ್ಲೂ ಸಿಗಲಿ ಅಂತ ಕೀಲಿಯ ತೂತನ್ನು ಬಾಗಿಲ ಹಿಡಿಗಿಂತ ಮೇಲಕ್ಕೆ ಮಾಡಿಸಿದ. ಮಧ್ಯಮ ವರ್ಗದ ಪ್ರಯಾಣಿಕರಿಗಾಗಿ ಕಟ್ಟಿದ ಹೋಟೆಲ್ ಅದು. ನೂರು ವರ್ಷಕ್ಕೂ ಹಿಂದೆ ಒಬ್ಬ ಇಷ್ಟು ಯೋಚಿಸಿದ್ದ. ಸಾದಾ ಹೋಟೆಲಿನಲ್ಲಿ ಆ ಯೋಚನೆ ಇನ್ನೂ ಉಳಿದಿದೆ. ಮಂಚ ಮಂಡಿಯ ಎತ್ತರಕ್ಕಿದೆ, ಮೇಜು ಇದೆ, ಕುರ್ಚಿಗೆ ಬೆನ್ನಿದೆ, ಬಾತ್‌ರೂಮಿಗೆ ಬಾಗಿಲಿದೆ. ಚಂದ ಅನ್ನುವಂಥದ್ದು ಒಂದೂ ಇಲ್ಲ. ಗೋಡೆಯ ಚಿತ್ರ ನನಗೆ ಈಗ ನೆನಪೂ ಇಲ್ಲ.

ಇಲ್ಲಿಯ ಕೊರತೆ ಗೋಡೆ. ಪಕ್ಕದ ರೂಮಿನವರು ಫೋನಿನಲ್ಲಿ ಮಾತಾಡಿದ್ದು ಪೂರಾ ಕೇಳಿಸಿತು. ಲಿಫ್ಟ್ ನಮ್ಮ ಬಾಗಿಲ ಎದುರಿಗೇ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಪೆಟ್ಟಿಗೆ ಉರುಳಿಸಿಕೊಂಡು ಹೊರಟವರ ಸದ್ದಿಗೆ ಇಬ್ಬರೂ ಎದ್ದೆವು. ಮಾರನೇ ದಿನ ಕೇಳಿದ್ದಕ್ಕೆ ಮೇಲಿನ ಮಹಡಿಯ ಕೊನೆಯ ರೂಮು ಕೊಟ್ಟರು, ಹೆಚ್ಚಿಗೆ ದುಡ್ಡು ಕೇಳಲಿಲ್ಲ. ಒಂದು ಪಕ್ಕಕ್ಕೆ ರೂಮಿಲ್ಲ, ಮೇಲೆ ಯಾರೂ ಇಲ್ಲ, ಲಿಫ್ಟ್ ದೂರ. ಅದೇ ಹೋಟೆಲ್, ಅದೇ ದರ. ಫೋನು 33 ತೋರಿಸಿತು. ನಾನು ಆರೂವರೆ ಗಂಟೆ ಮಲಗಿದೆ. ಅಮ್ಮ ಒಂದೇ ಸಲ ಎದ್ದಳು.

ಹಳೆಯ ದೊಡ್ಡ ಹೋಟೆಲಿನ ಫೋಟೋ ಯಾರೂ ತೆಗೆಯುವುದಿಲ್ಲ. ಕಂದು ಬಣ್ಣ, ದಪ್ಪ ಕಾರ್ಪೆಟ್, ಭಾರದ ಪರದೆಗಳು. ಆದರೆ ಬಾಗಿಲು ಮುಚ್ಚಿದ ಮೇಲೆ ಹೊರಗಿನ ಲೋಕವೇ ಇಲ್ಲ ಅನ್ನಿಸಿತು. ಕಿಟಕಿಗೆ ಎರಡು ಪದರ ಗಾಜು. ಓಣಿಯ ಕಾರ್ಪೆಟ್ ಹೆಜ್ಜೆ ಸದ್ದನ್ನು ನುಂಗುತ್ತದೆ. ಬಾಗಿಲಿನ ಕೆಳಗೆ ಸಂದು ಬಿಡದ ಹಾಗೆ ರಬ್ಬರ್ ಪಟ್ಟಿ. ಫೋನು 30ಕ್ಕಿಂತ ಕೆಳಗಿಳಿಯಿತು. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಹಿಡಿಗಳಿದ್ದವು. ಯಾರೂ ಕೇಳದೆಯೇ, ಮೊದಲಿನಿಂದಲೇ. ಎರಡನೇ ರಾತ್ರಿ ಅಮ್ಮ ಏಳು ಗಂಟೆ ಒಂದೇ ಸಮ ಮಲಗಿದಳು. ಆಪರೇಷನ್ ಆದ ಮೇಲೆ ಹಾಗೆ ಮಲಗಿದ್ದು ನಾನು ನೋಡಿದ್ದು ಅದೇ ಮೊದಲು. ಬೆಳಗ್ಗೆ ಅವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ.

ಸಿಬ್ಬಂದಿ ಅಲ್ಲಿ ಸಭ್ಯರು, ಆದರೆ ದೂರ. ತಿಂಡಿ ಮೂರೂ ಕಡೆ ಹೊಟ್ಟೆ ತುಂಬುವಷ್ಟಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ.

ಹಾಗಾದರೆ 310 ಕೊಟ್ಟಿದ್ದು ಸರಿಯೇ? ನಮಗೆ ಸರಿಹೋಗಲಿಲ್ಲ. ಆ ದುಡ್ಡಿನ ದೊಡ್ಡ ಪಾಲು ಕಣ್ಣಿಗೆ ಕಾಣುವುದಕ್ಕೆ ಹೋಗಿದೆ, ಕಣ್ಣು ಮುಚ್ಚಿದ ಮೇಲೆ ಬೇಕಾಗುವುದಕ್ಕೆ ಕಮ್ಮಿ. ರೂಮಿನಲ್ಲಿ ನಾವು ಇರುತ್ತಿದ್ದದ್ದು ಸಂಜೆ ಏಳರಿಂದ ಬೆಳಗ್ಗೆ ಎಂಟರವರೆಗೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದೀಪ ಆರಿಸಿಕೊಂಡ ಹೊತ್ತು. ಮದುವೆಯ ವಾರ್ಷಿಕಕ್ಕೆ ಇಬ್ಬರೇ ಒಂದು ರಾತ್ರಿ ಹೋಗುವವರಿಗೆ, ಇಡೀ ದಿನ ರೂಮಿನಲ್ಲೇ ಕಳೆಯುವವರಿಗೆ, ಖಂಡಿತ ಹೋಗಿ ಅನ್ನುತ್ತೇನೆ. ಅಂಥವರಿಗೆ ಆ ರೂಮೇ ಪ್ರವಾಸ. ವಯಸ್ಸಾದವರನ್ನು ಕರೆದೊಯ್ಯುವವರು, ಮರುದಿನ ಕೆಲಸ ಇರುವವರು ಬುಕ್ ಮಾಡುವ ಮೊದಲು ಹೋಟೆಲಿಗೆ ಒಂದು ಫೋನ್ ಮಾಡಿ. ಬಾತ್‌ರೂಮಿಗೆ ಬಾಗಿಲಿದೆಯೇ, ಒಳಗೆ ಮೆಟ್ಟಿಲಿದೆಯೇ, ಮಂಚ ಎಷ್ಟು ಎತ್ತರ, ಬಾರ್ ಯಾವ ಮಹಡಿಯಲ್ಲಿದೆ, ಎಷ್ಟು ಗಂಟೆಯವರೆಗೆ, ಲಿಫ್ಟಿನಿಂದ ದೂರದ ರೂಮು ಸಿಗುತ್ತದೆಯೇ. ಫೋಟೋದಲ್ಲಿ ಇದ್ಯಾವುದೂ ಕಾಣುವುದಿಲ್ಲ. ಐದು ನಿಮಿಷದ ಮಾತು. ಆ ಕಡೆಯವರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದರಲ್ಲೇ ಅವರ ಸೇವೆಯೂ ಗೊತ್ತಾಗುತ್ತದೆ.

ಹಳೆಯ ದೊಡ್ಡ ಹೋಟೆಲಿಗೆ ಕೊಟ್ಟ 270ರ ಬಗ್ಗೆ ನನಗೆ ಬೇಸರವಿಲ್ಲ. ಆದರೆ ವಾರದ ಮಧ್ಯದ ದರಕ್ಕೆ ನಾನು ಅಲ್ಲಿಗೆ ಹೋಗುವುದಿಲ್ಲ. ಮೇಲಿನ ಮಹಡಿಯ ಕೊನೆಯ ಸಾದಾ ರೂಮು 100ಕ್ಕೆ ಅದರ ಹತ್ತಿರ ಹತ್ತಿರ ಬರುತ್ತದೆ ಅಂತ ಈಗ ಗೊತ್ತು.

ಮೂರು ತಿಂಗಳ ಮೇಲೆ ಅದೇ ಊರಿಗೆ ಮತ್ತೆ ಹೋಗಬೇಕಿದೆ. ಸಾದಾ ಹೋಟೆಲಿನಲ್ಲಿ ಅದೇ ಕೊನೆಯ ರೂಮನ್ನು ನಂಬರ್ ಹೇಳಿ ಬುಕ್ ಮಾಡಿದ್ದೇನೆ. ಒಂದು ಸಂಜೆ ಚಂದದ ಹೋಟೆಲಿನ ಲಾಬಿಯಲ್ಲಿ ಕೂತು ಕಾಫಿ ಕುಡಿಯುವುದು ಅಂತಲೂ ನಿಶ್ಚಯವಾಗಿದೆ. ಅಲ್ಲಿ ಕೂರಲು ರೂಮು ತೆಗೆದುಕೊಳ್ಳಬೇಕಾಗಿಲ್ಲ. ಆ ಕೌಂಟರಿನ ಹುಡುಗಿ ಇನ್ನೂ ಅಲ್ಲೇ ಇದ್ದರೆ ಮಾತಾಡಿಸಿಕೊಂಡು ಬರೋಣ ಅಂದಿದ್ದಾಳೆ ಅಮ್ಮ. ಅವಳು ಬರೆದ ಚೀಟಿಗಳನ್ನು ಹೊರಡುವ ದಿನ ಬಿಡಿಸಿಕೊಂಡು ತಂದು ತನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ.