ಫ್ರೇಮ್‌ವರ್ಕ್ ಇನ್‌ಸ್ಟಾಲರ್‌ಗಳ ವಿಮರ್ಶೆ: ವೀಟ್, ನೆಕ್ಸ್ಟ್, ಲಾರಾವೆಲ್, ಜ್ಯಾಂಗೊ

ದಾವಣಗೆರೆಯ ಬಿಸಿಎ ಕಾಲೇಜುಗಳಲ್ಲಾಗಲಿ, ಬಿಐಇಟಿ, ಯುಬಿಡಿಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಲ್ಲಾಗಲಿ ಪ್ರಾಜೆಕ್ಟ್ ಎಂದ ಕೂಡಲೇ ಬಹಳ ಮಂದಿ ಕೈಹಾಕುವುದು ವೆಬ್‌ಸೈಟಿಗೆ. ಅವರಲ್ಲಿ ಎಷ್ಟೋ ಜನ ಒಂದು ಸಾಲು ಕೋಡ್ ಬರೆಯುವ ಮೊದಲೇ ಸೋತು ಕೂರುತ್ತಾರೆ. ಅವರನ್ನು ಸೋಲಿಸುವುದು ಫ್ರೇಮ್‌ವರ್ಕ್ (ಸೈಟ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡಿನ ಚೌಕಟ್ಟು) ಅಲ್ಲ, ಅದನ್ನು ಯಂತ್ರಕ್ಕೆ ಹಾಕಿ ಹೊಸ ಪ್ರಾಜೆಕ್ಟ್ ಶುರು ಮಾಡಿಕೊಡುವ ಇನ್‌ಸ್ಟಾಲರ್. ಹಾಗಾಗಿ ಇಲ್ಲಿ ಫ್ರೇಮ್‌ವರ್ಕ್‌ಗಳ ಗುಣದೋಷ ಬಿಟ್ಟು ಇನ್‌ಸ್ಟಾಲರ್‌ಗಳನ್ನಷ್ಟೇ ತೂಗಿದ್ದೇವೆ. ವಿಂಡೋಸ್ ಲ್ಯಾಪ್‌ಟಾಪ್, ದಿನಕ್ಕೆ 1.5 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್, ಪಕ್ಕದಲ್ಲಿ ಕೇಳಲು ಸೀನಿಯರ್ ಇಲ್ಲ: ಇಂಥವರ ಕಣ್ಣಿನಿಂದ ನೋಡಿದ್ದು.

ಮೊದಲಿಗೆ ವೀಟ್, ಅಂದರೆ ರಿಯಾಕ್ಟ್‌ನಂಥ ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಪ್ರಾಜೆಕ್ಟ್ ಶುರು ಮಾಡಿಕೊಡುವ ಸಾಧನ. ಇದಕ್ಕೆ ನೋಡ್ (ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ಓಡಿಸುವ ತಂತ್ರಾಂಶ), ಅದರ ಜೊತೆಗೇ ಬರುವ ಎನ್‌ಪಿಎಂ (ಪ್ಯಾಕೇಜುಗಳನ್ನು ಇಳಿಸುವ ಸಾಧನ) ಬೇಕು. ‘ಎನ್‌ಪಿಎಂ ಕ್ರಿಯೇಟ್ ವೀಟ್@ಲೇಟೆಸ್ಟ್’ ಎಂದು ಟರ್ಮಿನಲ್‌ನಲ್ಲಿ (ಆದೇಶ ಬರೆಯುವ ಕಿಟಕಿ) ಕೊಟ್ಟರೆ ಮುಖ್ಯವಾಗಿ ಮೂರೇ ಪ್ರಶ್ನೆ: ಪ್ರಾಜೆಕ್ಟಿನ ಹೆಸರು, ಫ್ರೇಮ್‌ವರ್ಕ್, ಅದರ ಬಗೆ. ಕೊನೆಗೆ ಮುಂದೇನು ಮಾಡಬೇಕೆಂದು ಮೂರು ಸಾಲು ಬರೆದು ತೋರಿಸುತ್ತದೆ: ಫೋಲ್ಡರಿಗೆ ಹೋಗಿ, ಎನ್‌ಪಿಎಂ ಇನ್‌ಸ್ಟಾಲ್ ಮಾಡಿ, ಎನ್‌ಪಿಎಂ ರನ್ ಡೆವ್ ಕೊಡಿ. ಹೊಸ ಆವೃತ್ತಿಗಳಲ್ಲಿ ‘ಈಗಲೇ ಇನ್‌ಸ್ಟಾಲ್ ಮಾಡಿ ಶುರು ಮಾಡಲೇ’ ಎಂದೂ ಕೇಳುತ್ತದೆ. ನಾಲ್ಕರಲ್ಲಿ ಅತ್ಯಂತ ಸ್ಪಷ್ಟವಾದ ಕೊನೆಯ ತೆರೆ ಇದೇ. ಆದರೆ ಪಟ್ಟಿಯ ಕ್ರಮ ಮೋಸ ಮಾಡುತ್ತದೆ. ಮೊದಲು ಇರುವುದು ವೆನಿಲಾ (ಯಾವ ಫ್ರೇಮ್‌ವರ್ಕೂ ಇಲ್ಲದ್ದು), ಅದರೊಳಗೆ ಮೊದಲು ಟೈಪ್‌ಸ್ಕ್ರಿಪ್ಟ್ (ಡೇಟಾದ ಬಗೆಗಳನ್ನೂ ಬರೆಯುವ ಜಾವಾಸ್ಕ್ರಿಪ್ಟ್ ರೂಪ). ರಿಯಾಕ್ಟ್ ಬೇಕೆಂದು ಬಂದವರು ಸುಮ್ಮನೆ ಎಂಟರ್ ಒತ್ತುತ್ತಾ ಹೋದರೆ ರಿಯಾಕ್ಟೇ ಇಲ್ಲದ ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್ ಕೈಗೆ ಬರುತ್ತದೆ. ಬಾಣದ ಕೀಲಿ ಒತ್ತಿ ಕೆಳಗಿಳಿದು ರಿಯಾಕ್ಟ್, ಆಮೇಲೆ ಜಾವಾಸ್ಕ್ರಿಪ್ಟ್ ಎಂದು ನೋಡಿ ಆರಿಸಿ.

ವೀಟ್‌ನ ಇನ್ನೊಂದು ಕೊರತೆ ಆವೃತ್ತಿಯದು. ವೀಟ್ 7ಕ್ಕೆ ನೋಡ್ 20.19 ಅಥವಾ 22.12ಕ್ಕಿಂತ ಹಳೆಯದು ಸಾಲದು. ನೋಡ್ 18 ಇರುವ ಯಂತ್ರದಲ್ಲಿ ಎನ್‌ಪಿಎಂ ‘ಇಬ್ಯಾಡ್‌ಎಂಜಿನ್’ ಎಂದು ಹಳದಿ ಸಾಲುಗಳಲ್ಲಿ ಗೊಣಗುತ್ತದೆ, ಆದರೂ ಇನ್‌ಸ್ಟಾಲ್ ಮುಗಿಸುತ್ತದೆ. ಕೊನೆಗೆ ರನ್ ಡೆವ್ ಕೊಟ್ಟಾಗ ‘ಕ್ರಿಪ್ಟೊ.ಹ್ಯಾಶ್ ಈಸ್ ನಾಟ್ ಎ ಫಂಕ್ಷನ್’ ಎಂದು ಬೀಳುತ್ತದೆ. ಡೇಟಾ ಖರ್ಚಾದ ಮೇಲೆ ಹೇಳುವ ಈ ಮಾತನ್ನು ಮೊದಲ ಪ್ರಶ್ನೆಗೂ ಮುಂಚೆ ಹೇಳಿ ನಿಲ್ಲಬೇಕಿತ್ತು. ‘ನೋಡ್ -ವಿ’ ಕೊಟ್ಟು ಆವೃತ್ತಿ ನೋಡಿಕೊಂಡೇ ಶುರು ಮಾಡುವುದು ಸದ್ಯಕ್ಕಿರುವ ಉಪಾಯ.

ಹಳೆಯ ನೋಟ್ಸ್‌ಗಳಲ್ಲಿ, ವಿಡಿಯೊಗಳಲ್ಲಿ ಇನ್ನೂ ಕಾಣುವ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ ಎಂಬ ಇನ್‌ಸ್ಟಾಲರ್ ಬೇಡವೇ ಬೇಡ. ರಿಯಾಕ್ಟ್ ತಂಡವೇ 2025ರ ಫೆಬ್ರವರಿಯಲ್ಲಿ ಹೊಸ ಆ್ಯಪ್‌ಗಳಿಗೆ ಅದನ್ನು ಕೈಬಿಟ್ಟಿದೆ.

ರಿಯಾಕ್ಟ್ ಮೇಲೆ ಕಟ್ಟಿದ ಫ್ರೇಮ್‌ವರ್ಕ್ ನೆಕ್ಸ್ಟ್‌ನ ಇನ್‌ಸ್ಟಾಲರ್ ಪ್ರಶ್ನೆಗಳ ಸುರಿಮಳೆ. ಟೈಪ್‌ಸ್ಕ್ರಿಪ್ಟ್ ಬೇಕೆ, ಲಿಂಟರ್ ಬೇಕೆ, ಟೇಲ್‌ವಿಂಡ್ ಬೇಕೆ, ಕೋಡನ್ನು ‘ಎಸ್‌ಆರ್‌ಸಿ’ ಫೋಲ್ಡರಿನಲ್ಲಿ ಇಡಲೇ, ಆ್ಯಪ್ ರೌಟರ್ ಬೇಕೆ, ಇಂಪೋರ್ಟ್ ಅಲಿಯಾಸ್ ಬದಲಿಸಲೇ. ಉತ್ತರ ಗೊತ್ತಿದ್ದವರು ಆಗಲೇ ನೆಕ್ಸ್ಟ್ ಕಲಿತವರಾಗಿರುತ್ತಾರೆ! ಪ್ರತಿ ಪ್ರಶ್ನೆಯ ಕೆಳಗೆ ‘ಇದು ಇಂಥದ್ದಕ್ಕೆ, ಗೊತ್ತಿಲ್ಲದಿದ್ದರೆ ಹೌದು ಎನ್ನಿ’ ಎಂದು ಒಂದು ಸಾಲು ಇದ್ದರೆ ಸಾಕಿತ್ತು. ಇತ್ತೀಚಿನ ಆವೃತ್ತಿ ‘ಶಿಫಾರಸು ಮಾಡಿದ ಆಯ್ಕೆಗಳನ್ನೇ ಬಳಸಲೇ’ ಎಂದು ಮೊದಲೇ ಕೇಳುತ್ತದೆ, ಹೊಸಬರು ಅದಕ್ಕೆ ಹೌದು ಎನ್ನಬೇಕು. ಹೆಸರಿನಲ್ಲಿ ದೊಡ್ಡಕ್ಷರ ಇದ್ದರೆ ಒಪ್ಪುವುದಿಲ್ಲ, ಫೋಲ್ಡರಿನ ಹೆಸರನ್ನು ಸಣ್ಣಕ್ಷರದಲ್ಲೇ ಇಡಿ. ಒನ್‌ಡ್ರೈವ್‌ಗೆ ಸೇರಿದ ಡೆಸ್ಕ್‌ಟಾಪ್ ಮೇಲೆ ಮಾತ್ರ ಮಾಡಬೇಡಿ. ಇಳಿಸಿದ ಪ್ಯಾಕೇಜುಗಳು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರ್ ನೂರಾರು ಎಂಬಿ ತೂಗುತ್ತದೆ, ಅದರೊಳಗಿನ ಸಾವಿರಾರು ಸಣ್ಣ ಫೈಲುಗಳನ್ನು ಒನ್‌ಡ್ರೈವ್ ಮೇಲಕ್ಕೆ ಕಳಿಸಲು ಹೊರಟು ಹಾಟ್‌ಸ್ಪಾಟ್ ಡೇಟಾ ಕರಗಿಸುತ್ತದೆ, ಕೆಲವೊಮ್ಮೆ ಫೈಲು ಬೀಗ ಹಾಕಿದಂತಾಗಿ ಇನ್‌ಸ್ಟಾಲ್ ನಡುವೆಯೇ ನಿಲ್ಲುತ್ತದೆ. ಒಟ್ಟು ಎಷ್ಟು ಎಂಬಿ ಇಳಿಸಲಿದ್ದೇನೆಂದು ಈ ನಾಲ್ಕರಲ್ಲಿ ಯಾವುದೂ ಮೊದಲೇ ಹೇಳುವುದಿಲ್ಲ. ಅಳೆದು ಡೇಟಾ ಬಳಸುವವರ ಊರಿನಲ್ಲಿ ಇದು ಸಣ್ಣ ಲೋಪವಲ್ಲ.

ನೋಡ್ ಕಡೆಯ ಎರಡಕ್ಕೂ ಸೇರಿದ ಮಾತು: ವಿಎಸ್ ಕೋಡ್‌ನಲ್ಲಿ ಟರ್ಮಿನಲ್ ತೆರೆದರೆ ಬರುವುದು ಪವರ್‌ಶೆಲ್. ವಿಂಡೋಸ್‌ನಲ್ಲಿ ಅದಕ್ಕೆ ಸ್ಕ್ರಿಪ್ಟ್ ಓಡಿಸುವ ಅನುಮತಿ ಮೊದಲಿಗೆ ಇರುವುದಿಲ್ಲ. ಆದ್ದರಿಂದ ‘ಎನ್‌ಪಿಎಂ’ ಎಂದು ಬರೆದ ಕೂಡಲೇ ‘ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್’ ಎಂಬ ಕೆಂಪಕ್ಷರ. ಕೆಟ್ಟುಹೋಯಿತೆಂದು ನೋಡ್ ತೆಗೆದು ಮತ್ತೆ ಹಾಕುವವರು ಬಹಳ. ಟರ್ಮಿನಲ್ ಪಕ್ಕದ ಬಾಣ ಒತ್ತಿ ಕಮಾಂಡ್ ಪ್ರಾಂಪ್ಟ್ ಆರಿಸಿದರೆ ಸಾಕು, ಅಡ್ಮಿನ್ ಪಾಸ್‌ವರ್ಡ್ ಇಲ್ಲದ ಲ್ಯಾಬಿನಲ್ಲೂ ನಡೆಯುತ್ತದೆ. ಇನ್‌ಸ್ಟಾಲ್ ಕೊನೆಗೆ ‘ವಲ್ನರಬಿಲಿಟೀಸ್’ (ಭದ್ರತಾ ಲೋಪಗಳು) ಎಂದು ಬಂದರೆ ಅಲ್ಲೇ ಸೂಚಿಸುವ ‘ಆಡಿಟ್ ಫಿಕ್ಸ್ --ಫೋರ್ಸ್’ ಕೊಡಬೇಡಿ. ಅದು ಪ್ಯಾಕೇಜುಗಳ ಮುಖ್ಯ ಆವೃತ್ತಿಯನ್ನೇ ಬದಲಿಸಿ, ನಡೆಯುತ್ತಿದ್ದ ಪ್ರಾಜೆಕ್ಟನ್ನು ಕೆಡಿಸಬಲ್ಲದು.

ಲಾರಾವೆಲ್ ವಿಷಯಕ್ಕೆ ಹೆಚ್ಚು ಹೇಳಬೇಕು, ಏಕೆಂದರೆ ಅದು ಪಿಎಚ್‌ಪಿ ಭಾಷೆಯ ಫ್ರೇಮ್‌ವರ್ಕ್, ನಮ್ಮಲ್ಲಿ ಪಿಎಚ್‌ಪಿ, ಝ್ಯಾಂಪ್ (ಪಿಎಚ್‌ಪಿ, ಡೇಟಾಬೇಸ್ ಸರ್ವರ್ ಒಟ್ಟಿಗೆ ಬರುವ ತಂತ್ರಾಂಶ) ಗೊತ್ತಿರುವವರು ಜಾಸ್ತಿ. ‘ಲಾರಾವೆಲ್ ನ್ಯೂ’ ಕೊಟ್ಟಾಗ ಬರುವ ಪ್ರಶ್ನೆಗಳು ಚೆಂದ: ಸ್ಟಾರ್ಟರ್ ಕಿಟ್ (ಲಾಗಿನ್‌ನಂಥ ಪುಟಗಳ ಸಿದ್ಧ ಮಾದರಿ) ಯಾವುದು, ಟೆಸ್ಟ್‌ಗೆ ಪೆಸ್ಟೋ ಪಿಎಚ್‌ಪಿಯೂನಿಟ್ಟೋ, ಡೇಟಾಬೇಸ್ ಯಾವುದು. ತೊಂದರೆಯೆಲ್ಲ ಅಲ್ಲಿಗೆ ತಲುಪುವ ಮೊದಲು. ಲಾರಾವೆಲ್ 12ಕ್ಕೆ ಪಿಎಚ್‌ಪಿ 8.2 ಬೇಕು. ಹಳೆಯ ಝ್ಯಾಂಪ್‌ನಲ್ಲಿ ಪಿಎಚ್‌ಪಿ 7.4 ಇದ್ದು, ಪಿಎಚ್‌ಪಿ ಪ್ಯಾಕೇಜುಗಳನ್ನು ತರುವ ಕಂಪೋಸರ್ ಕೂಡ ಹಳೆಯದಾಗಿದ್ದರೆ, ಪ್ರಾಜೆಕ್ಟ್ ಶುರು ಮಾಡುವ ಇನ್ನೊಂದು ದಾರಿಯಾದ ‘ಕಂಪೋಸರ್ ಕ್ರಿಯೇಟ್-ಪ್ರಾಜೆಕ್ಟ್’ ಸೋಲುವುದಿಲ್ಲ. ಹೊಸದು ಹೊಂದುವುದಿಲ್ಲವೆಂದು ಒಂದು ಸಾಲು ಎಚ್ಚರಿಸಿ, ಲಾರಾವೆಲ್ 8 ಅನ್ನು ಹಾಕಿಬಿಡುತ್ತದೆ. ಆ ಸಾಲು ಮೇಲೆ ಉರುಳಿಹೋಗಿರುತ್ತದೆ. ಆಮೇಲೆ ಹೊಸ ಪಾಠ ನೋಡಿ ಕಲಿಯುವವರಿಗೆ ಯಾವ ಫೈಲೂ ತಾಳೆಯಾಗುವುದಿಲ್ಲ. ಇಲ್ಲಿ ಇನ್‌ಸ್ಟಾಲರ್ ನಿಂತು ‘ಹಳೆಯದನ್ನು ಹಾಕಲೇ, ಬಿಡಲೇ’ ಎಂದು ಕೇಳಲೇಬೇಕು.

ಎರಡನೆಯ ತೊಂದರೆ ಜಿಪ್, ಅಂದರೆ ಕುಗ್ಗಿಸಿದ ಪ್ಯಾಕೇಜ್ ಬಿಡಿಸುವ ಪಿಎಚ್‌ಪಿ ಭಾಗ. ಝ್ಯಾಂಪ್‌ನ ‘ಪಿಎಚ್‌ಪಿ.ಐಎನ್‌ಐ’ ಫೈಲಿನಲ್ಲಿ ‘ಎಕ್ಸ್‌ಟೆನ್ಷನ್=ಜಿಪ್’ ಸಾಲಿನ ಮುಂದೆ ಅರ್ಧವಿರಾಮ ಚಿಹ್ನೆ (;) ಇದ್ದರೆ ಅದು ಬಂದ್ ಎಂದರ್ಥ. ಆಗ ಕಂಪೋಸರ್ ಒಂದೊಂದು ಪ್ಯಾಕೇಜನ್ನೂ ಗಿಟ್ (ಕೋಡಿನ ಆವೃತ್ತಿಗಳನ್ನು ಕಾಯುವ ತಂತ್ರಾಂಶ) ಮೂಲಕ ಮೂಲದಿಂದ ತರಲು ಹೋಗುತ್ತದೆ, ಗಿಟ್ ಇಲ್ಲದಿದ್ದರೆ ಬೀಳುತ್ತದೆ, ಇದ್ದರೆ ತೆವಳುತ್ತದೆ. ಆ ಚಿಹ್ನೆ ಅಳಿಸಿ, ಫೈಲ್ ಉಳಿಸಿ, ಹೊಸ ಟರ್ಮಿನಲ್ ತೆರೆಯಿರಿ. ಮೂರನೆಯದು ಡೇಟಾಬೇಸ್. ಪಠ್ಯದಲ್ಲಿ ಮೈಎಸ್‌ಕ್ಯೂಎಲ್ ಓದಿದವರು ಅದನ್ನೇ ಆರಿಸುತ್ತಾರೆ, ಝ್ಯಾಂಪ್ ಫಲಕದಲ್ಲಿ ಮೈಎಸ್‌ಕ್ಯೂಎಲ್ ಶುರು ಮಾಡಿರುವುದಿಲ್ಲ, ಮೈಗ್ರೇಷನ್ (ಡೇಟಾಬೇಸಿನ ಕೋಷ್ಟಕ ಕಟ್ಟುವ) ಹಂತದಲ್ಲಿ ‘2002’ ದೋಷ ಬರುತ್ತದೆ. ಮೊದಲ ಸಲಕ್ಕೆ ಎಸ್‌ಕ್ಯೂಲೈಟ್ ಸಾಕು. ಲಾರಾವೆಲ್ 11ರಿಂದ ಅದೇ ಸಹಜ ಆಯ್ಕೆ, ಬೇರೆ ಸರ್ವರ್ ಬೇಡ.

‘ಎನ್‌ಪಿಎಂ ಇನ್‌ಸ್ಟಾಲ್, ಬಿಲ್ಡ್ ಮಾಡಲೇ’ ಎಂದು ಕೇಳಿದಾಗ ಬೇಡ ಎಂದವರಿಗೆ ಸ್ಟಾರ್ಟರ್ ಕಿಟ್‌ನ ಪುಟದಲ್ಲಿ ‘ವೀಟ್ ಮ್ಯಾನಿಫೆಸ್ಟ್ ನಾಟ್ ಫೌಂಡ್’ ಕಾಯುತ್ತಿರುತ್ತದೆ. ಆ ಪ್ರಶ್ನೆಗೆ ಹೌದು ಎನ್ನಿ. ಕ್ರಿಯೇಟ್-ಪ್ರಾಜೆಕ್ಟ್ ದಾರಿಯಲ್ಲಿ ಬಂದವರು ವಿಂಡೋಸ್‌ನಲ್ಲಿ ‘ಕಂಪೋಸರ್ ರನ್ ಡೆವ್’ ಕೊಟ್ಟಾಗ ಎಲ್ಲವೂ ಒಟ್ಟಿಗೆ ನಿಂತರೆ ಕಾರಣ ಪೇಲ್ ಎಂಬ ಲಾಗ್ ತೋರಿಸುವ ಭಾಗ. ಅದಕ್ಕೆ ಬೇಕಾದ ಪಿಸಿಎನ್‌ಟಿಎಲ್ ಎಂಬ ಪಿಎಚ್‌ಪಿ ಭಾಗ ವಿಂಡೋಸ್‌ನಲ್ಲಿ ಸಿಗುವುದಿಲ್ಲ. ಒಂದು ಟರ್ಮಿನಲ್‌ನಲ್ಲಿ ‘ಪಿಎಚ್‌ಪಿ ಆರ್ಟಿಸನ್ ಸರ್ವ್’, ಇನ್ನೊಂದರಲ್ಲಿ ‘ಎನ್‌ಪಿಎಂ ರನ್ ಡೆವ್’ ಕೊಟ್ಟು ಮುಂದುವರಿಯಿರಿ. ಸ್ವಂತ ಲ್ಯಾಪ್‌ಟಾಪ್, ಅಡ್ಮಿನ್ ಅನುಮತಿ ಎರಡೂ ಇದ್ದರೆ ಝ್ಯಾಂಪ್ ಬಿಟ್ಟು ‘ಪಿಎಚ್‌ಪಿ.ನ್ಯೂ’ ಸೈಟಿನ ಒಂದೇ ಸಾಲಿನ ಆದೇಶ ಬಳಸಿ. ಪಿಎಚ್‌ಪಿ, ಕಂಪೋಸರ್, ಲಾರಾವೆಲ್ ಇನ್‌ಸ್ಟಾಲರ್ ಮೂರೂ ಒಟ್ಟಿಗೆ ಬರುತ್ತವೆ, ಮೇಲಿನ ಗೋಳು ಬಹುಪಾಲು ತಪ್ಪುತ್ತದೆ.

ಪೈಥಾನ್ ಭಾಷೆಯ ಫ್ರೇಮ್‌ವರ್ಕ್ ಜ್ಯಾಂಗೊ ಕಡಿಮೆ ಮಾತಿನದು, ಅತಿ ಕಡಿಮೆ. ‘ಸ್ಟಾರ್ಟ್‌ಪ್ರಾಜೆಕ್ಟ್’ ಯಶಸ್ವಿಯಾದರೆ ಒಂದಕ್ಷರವೂ ಬರುವುದಿಲ್ಲ. ಆಯಿತೋ ಇಲ್ಲವೋ ಎಂದು ಮತ್ತೆ ಕೊಟ್ಟರೆ ಆಗಲೇ ಇದೆ ಎಂದು ದೋಷ ತೋರಿಸುತ್ತದೆ. ಹೆಸರಿನಲ್ಲಿ ಅಡ್ಡಗೆರೆ (-) ಹಾಕುವಂತಿಲ್ಲ, ಅದಕ್ಕೆ ಬದಲು ಕೆಳಗೆರೆ (_) ಬಳಸಿ. ಆದರೆ ‘ರನ್‌ಸರ್ವರ್’ ಕೊಟ್ಟ ಮೇಲೆ ಬರುವ ಸಂದೇಶ ಮೆಚ್ಚುವಂಥದ್ದು: 18 ಮೈಗ್ರೇಷನ್ ಬಾಕಿ ಇವೆ, ಈ ಆದೇಶ ಕೊಡಿ ಎಂದು ಆದೇಶವನ್ನೇ ಬರೆದುಕೊಡುತ್ತದೆ. ತಪ್ಪು ತೋರಿಸಿದ ಸಾಲಿನಲ್ಲೇ ಮದ್ದೂ ಇರುವ ಈ ಕ್ರಮವನ್ನು ಉಳಿದ ಮೂರೂ ಕಲಿಯಬೇಕು. ವಿಂಡೋಸ್‌ನಲ್ಲಿ ನಿಲ್ಲಿಸಲು ‘ಕಂಟ್ರೋಲ್-ಬ್ರೇಕ್’ ಒತ್ತಿ ಎನ್ನುತ್ತದೆ, ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬ್ರೇಕ್ ಕೀಲಿಯೇ ಇಲ್ಲ. ಕಂಟ್ರೋಲ್-ಸಿ ಒತ್ತಿದರೂ ನಿಲ್ಲುತ್ತದೆ. ‘ಪೈಥಾನ್’ ಎಂದು ಕೊಟ್ಟಾಗ ಮೈಕ್ರೊಸಾಫ್ಟ್ ಸ್ಟೋರ್ ತೆರೆದರೆ ‘ಪಿವೈ’ ಎಂದು ಕೊಟ್ಟು ನೋಡಿ.

ಡೇಟಾ ಲೆಕ್ಕದಲ್ಲಿ ಜ್ಯಾಂಗೊಗೆ ಸಾಟಿಯಿಲ್ಲ, ಪ್ಯಾಕೇಜ್ ಸುಮಾರು 8 ಎಂಬಿ. ವಿಂಡೋಸ್ 7 ಇನ್ನೂ ಓಡುವ ಲ್ಯಾಬ್‌ಗಳಲ್ಲಿ ಈಗಿನ ನೋಡ್ ಓಡುವುದಿಲ್ಲ, ಪೈಥಾನ್ 3.8 ಓಡುತ್ತದೆ, ಅದರ ಮೇಲೆ ಜ್ಯಾಂಗೊ 4.2ರವರೆಗೆ ಹಾಕಬಹುದು. ಅದು ಕಲಿಯಲಿಕ್ಕೆ ಮಾತ್ರ, ಹೊರಗಿನವರು ಬಳಸುವ ಸೈಟಿಗೆ ಬೇಡ.

ಆದ್ದರಿಂದ ರಿಯಾಕ್ಟ್ ಕಲಿಯುವವರಿಗೆ ವೀಟ್, ಉಳಿದ ಹೊಸಬರಿಗೆ ಜ್ಯಾಂಗೊ, ಪಿಎಚ್‌ಪಿ ಬಲ್ಲವರಿಗೆ ಪಿಎಚ್‌ಪಿ.ನ್ಯೂ ಮೂಲಕ ಲಾರಾವೆಲ್. ನೆಕ್ಸ್ಟ್ ಎರಡನೇ ಪ್ರಾಜೆಕ್ಟಿಗೆ ಇರಲಿ. ಲ್ಯಾಬ್ ನೋಡಿಕೊಳ್ಳುವವರು ಇಂಟರ್‌ನೆಟ್ ಇರುವ ಒಂದು ಯಂತ್ರದಲ್ಲಿ ‘ಪಿಪ್ ಡೌನ್‌ಲೋಡ್ ಜ್ಯಾಂಗೊ’ (ಪಿಪ್ ಎಂದರೆ ಪೈಥಾನ್ ಪ್ಯಾಕೇಜುಗಳನ್ನು ತರುವ ಸಾಧನ) ಕೊಟ್ಟು, ಬಂದ ಫೈಲುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಉಳಿದ ಯಂತ್ರಗಳಲ್ಲಿ ‘ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್’ ಬರೆದು, ಪೆನ್‌ಡ್ರೈವ್ ಫೋಲ್ಡರ್ ಸೂಚಿಸಿ, ಕೊನೆಗೆ ಜ್ಯಾಂಗೊ ಎಂದು ಸೇರಿಸಿ. ಎರಡೂ ಕಡೆ ಪೈಥಾನ್ ಆವೃತ್ತಿ ಒಂದೇ ಇರಲಿ.