ತುಮಕೂರಿನ ಹೆವಿ ಡ್ರೈವಿಂಗ್ ಸ್ಕೂಲ್: ಮೇಷ್ಟ್ರಿಗೆ ಐದು ಸ್ಟಾರ್, ಬೋರ್ಡಿಗೆ ಸೊನ್ನೆ

ಒಟ್ಟು ಲೆಕ್ಕ ಹಾಕಿದರೆ ಐದಕ್ಕೆ ಮೂರೂವರೆ. ಕಲಿಸಿದ ಮೇಷ್ಟ್ರಿಗೆ ಮಾತ್ರ ಕೊಡೋದಾಗಿದ್ದರೆ ಐದೂ ಕೊಡುತ್ತಿದ್ದೆ. ಆಫೀಸಿನಲ್ಲಿ ಕೂತು ಮಾತಾಡೋರಿಗೆ ಒಂದೂವರೆ ಕಳೆದಿದ್ದೇನೆ. ಸ್ಕೂಲಿನ ಹೆಸರು ಹಾಕಲ್ಲ, ಕೇಳಬೇಡಿ. ನಮ್ಮ ತುಮಕೂರಿನ ಸುತ್ತ ಲಾರಿಯಂಥ ಹೆವಿ ಗಾಡಿ ಕಲಿಸೋ ಇಂಥ ಸ್ಕೂಲ್ ಇದೊಂದೇ ಅಲ್ಲ, ಬೋರ್ಡ್ ಮೇಲಿನ ಮಾತೂ ಹೆಚ್ಚು ಕಡಿಮೆ ಒಂದೇ: 'ಹೆವಿ ಲೈಸೆನ್ಸ್ ಮಾಡಿಸಿ, ತಿಂಗಳಿಗೆ 60,000 ದುಡಿಯಿರಿ'. ಆ ಬೋರ್ಡ್ ನೋಡಿ ಒಳಗೆ ಹೋಗೋ ಹುಡುಗರಿಗೆ ಇದನ್ನು ಬರೆಯುತ್ತಿದ್ದೇನೆ.

ನಾನು ಪಿಕಪ್ ಓಡಿಸುತ್ತಿದ್ದವನು. ಅಂತರಸನಹಳ್ಳಿ ಎಪಿಎಂಸಿಗೆ ಲೋಡ್ ತರೋದು, ವಾಪಸ್ ಬರುವಾಗ ಏನಾದರೂ ಸಿಕ್ಕಿದರೆ ಹಾಕಿಕೊಂಡು ಬರೋದು, ಇಷ್ಟೇ. ಅದಕ್ಕೆ ಹೆವಿ ಲೈಸೆನ್ಸ್ ಬೇಕಿಲ್ಲ. ಗಾಡಿ, ಲೋಡು ಸೇರಿ ಒಟ್ಟು ತೂಕ 7,500 ಕೆಜಿ ದಾಟದ ಸರಕು ಗಾಡಿಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಆ ಸೈಜಿನ ಗಾಡಿಯಲ್ಲಿ ದುಡಿಮೆ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತೆ. ಪಿಕಪ್ ಓಡಿಸೋರು ಊರಿಗೆ ಹತ್ತು ಜನ ಇದ್ದಾರೆ. ಟ್ರೈಲರ್ ರಿವರ್ಸ್ ಹಾಕೋರು ಎಷ್ಟು ಜನ ಸಿಗ್ತಾರೆ? ವಸಂತನರಸಾಪುರದ ಕಡೆ ಯಾವುದಾದರೂ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ನೋಡಿ, ಗಾಡಿ ನಿಂತಿದೆ, ಡ್ರೈವರ್ ಇಲ್ಲ ಅನ್ನೋ ಮಾತು ಕೇಳೇ ಕೇಳುತ್ತೆ. ಅದಕ್ಕೇ ಸೇರಿದೆ.

ಮೊದಲು ಆಫೀಸಿನ ವಿಷಯ ಮುಗಿಸಿಬಿಡುತ್ತೇನೆ. ಫೀಸು 14,000 ಅಂದರು, ಎಲ್‌ಎಲ್‌ಆರ್‌ನಿಂದ (ಕಲಿಯೋರ ಲೈಸೆನ್ಸ್) ಹಿಡಿದು ಟೆಸ್ಟ್‌ವರೆಗೆ ಎಲ್ಲ ಸೇರಿ. ರೇಟು ನ್ಯಾಯವಾಗೇ ಇದೆ. ಆದರೆ ಯಾರಿಗೆ ಹೆವಿ ಆಗುತ್ತೆ, ಯಾರಿಗೆ ಆಗಲ್ಲ ಅನ್ನೋದನ್ನು ಇವರು ದುಡ್ಡು ಕಟ್ಟಿಸಿಕೊಂಡ ಮೇಲೆ ಹೇಳುತ್ತಾರೆ. ನನ್ನ ಜೊತೆ ಮಧುಗಿರಿ ಕಡೆಯ ಒಬ್ಬ ಹುಡುಗ ಇದ್ದ. ಎಲ್‌ಎಂವಿ ಮಾಡಿಸಿ ಇನ್ನೂ ನಾಲ್ಕೈದು ತಿಂಗಳು ಆಗಿತ್ತಷ್ಟೆ. ಅಡ್ವಾನ್ಸ್ ತೆಗೆದುಕೊಂಡು, ರಸೀದಿ ಕೊಟ್ಟು, ಆಮೇಲೆ 'ಇನ್ನೂ ಕಾಯಬೇಕಪ್ಪಾ' ಅಂದರು. ಕಾನೂನು ಇರೋದೇ ಹಾಗೆ: ವಯಸ್ಸು 20 ತುಂಬಿರಬೇಕು, ಎಲ್‌ಎಂವಿ ಸಿಕ್ಕಿ ಒಂದು ವರ್ಷ ಆಗಿರಬೇಕು, ಅಲ್ಲಿಯವರೆಗೆ ಸಾರಿಗೆ ವಾಹನದ ಎಲ್‌ಎಲ್‌ಆರ್ ಕೊಡೋದೇ ಇಲ್ಲ. ಡಾಕ್ಟರ್ ಹತ್ತಿರ ಫಾರಂ 1ಎ, ಅಂದರೆ ಮೆಡಿಕಲ್ ಸರ್ಟಿಫಿಕೇಟ್, ಮಾಡಿಸಬೇಕು. ಎಲ್‌ಎಲ್‌ಆರ್ ಆರು ತಿಂಗಳು ಇರುತ್ತೆ, ಆದರೆ 30 ದಿನ ಕಳೆಯದೆ ಟೆಸ್ಟಿಗೆ ಬಿಡಲ್ಲ. ಟೆಸ್ಟಿಗೆ ಹೋಗುವಾಗ ಸ್ಕೂಲಿನ ಫಾರಂ 5, ಅಂದರೆ ತರಬೇತಿ ಮುಗಿಸಿದ ಸರ್ಟಿಫಿಕೇಟ್, ಕೈಯಲ್ಲಿರಬೇಕು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸೋಕೆ ಎಷ್ಟು ಖರ್ಚಾಗುತ್ತೆ, ಹೇಳಿ? ಎದುರುಗಡೆ ಗೋಡೆ ತುಂಬಾ ಹೂಮಾಲೆ ಹಾಕಿದ ಲಾರಿಗಳ ಫೋಟೋ ಮಾತ್ರ ಇದೆ.

ಇನ್ನು ಮೇಷ್ಟ್ರು. ವಯಸ್ಸು ಐವತ್ತೈದು ದಾಟಿರಬಹುದು. ನ್ಯಾಷನಲ್ ಪರ್ಮಿಟ್ ಗಾಡಿಯಲ್ಲಿ ಪುಣೆ, ಮುಂಬೈ, ಅಹಮದಾಬಾದ್ ಅಂತ ಸುತ್ತಿ ಸಾಕಾಗಿ ಊರಿಗೆ ಬಂದವರು. ಮೊದಲ ದಿನ ಸ್ಟೇರಿಂಗ್ ಮುಟ್ಟೋಕೆ ಬಿಡಲಿಲ್ಲ. ಗಾಡಿ ಸುತ್ತ ನಡೆಸಿದರು. ಟೈರ್ ತಟ್ಟು, ಸದ್ದು ಕೇಳು, ನಟ್ಟು ನೋಡು, ಗಾಳಿ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದು ನೀರು ಬಿಡು. ಏರ್ ಬ್ರೇಕ್ ಅನ್ನೋದನ್ನು ಅವರು ಹೇಳಿಕೊಟ್ಟ ರೀತಿಯಲ್ಲಿ ನಾನು ಬೇರೆಲ್ಲೂ ಕೇಳಿಲ್ಲ. ಹ್ಯಾಂಡ್ ಬ್ರೇಕ್ ಹಾಕಿದಾಗ ಚಕ್ರ ಹಿಡಿದಿರೋದು ಗಾಳಿ ಅಲ್ಲ, ಸ್ಪ್ರಿಂಗು. ಅದನ್ನು ಬಿಡಿಸೋದಕ್ಕೆ ಗಾಳಿ ಬೇಕು. ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗೇರ್ ಹಾಕೋ ಹಾಗಿಲ್ಲ, ಗೇಜಿನ ಮುಳ್ಳು ಮೇಲೆ ಬರೋ ತನಕ ಕಾಯಬೇಕು. ಓಡುವಾಗ ಎಲ್ಲಾದರೂ ಪೈಪ್ ಬಿಚ್ಚಿಕೊಂಡು ಗಾಳಿ ಇಳಿದುಹೋದರೆ ಅದೇ ಸ್ಪ್ರಿಂಗು ಚಕ್ರವನ್ನು ಕಚ್ಚಿಕೊಂಡು ನಿಲ್ಲುತ್ತೆ. ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿದರೆ ಗಾಳಿಯೂ ಹೋಗುತ್ತೆ, ಲೈನರ್ ಕಾದು ಹಿಡಿತವೂ ಹೋಗುತ್ತೆ. 'ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಮಗಾ, ಮಿಕ್ಕಿದ್ದು ಎಕ್ಸಾಸ್ಟ್ ಬ್ರೇಕ್ ನೋಡಿಕೊಳ್ಳುತ್ತೆ' ಅನ್ನೋರು. ಎಂಜಿನ್ ಹೊಗೆ ತಡೆದು ಗಾಡಿ ನಿಧಾನ ಮಾಡೋ ಬ್ರೇಕು ಅದು. ಶಿರಾಡಿ ಘಾಟ್ ಇಳಿಯೋದು ಹೇಗೆ ಅಂತ ಟೀ ಅಂಗಡಿಯ ಬೆಂಚಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದ್ದಾರೆ.

ತಿರುವಿನ ಪಾಠವೂ ಅಷ್ಟೇ ಚೆನ್ನಾಗಿತ್ತು. ಉದ್ದದ ಗಾಡಿಯಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಲ್ಲಿ ಬರಲ್ಲ, ಒಳಗಡೆ ಕೊಯ್ದುಕೊಂಡು ಬರುತ್ತೆ. ಬಟವಾಡಿ ಕಡೆ ಎಡಕ್ಕೆ ತಿರುಗುವಾಗ ಕ್ಲೀನರ್ ಸೈಡಿನಲ್ಲಿ (ಎಡಗಡೆ) ಸ್ಕೂಟಿಯವರು ನುಗ್ಗುತ್ತಾರಲ್ಲ, ಅವರು ನಮಗೆ ಕಾಣೋದೇ ಇಲ್ಲ. ಅದಕ್ಕೇ ಸ್ವಲ್ಪ ಬಲಕ್ಕೆ ಹೋಗಿ, ಕನ್ನಡಿ ನೋಡಿ, ನಿಂತು, ಮತ್ತೆ ಕನ್ನಡಿ ನೋಡಿ ತಿರುಗಿಸಬೇಕು. ಹಿಂದೆ ಹಾರ್ನ್ ಹೊಡೆಯೋರು ಹೊಡೆಯಲಿ. ಸ್ಕೂಟಿ ಓಡಿಸೋ ನೀವೂ ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಪುಣ್ಯ ಬರುತ್ತೆ.

ಗಾಡಿ ಹಳೆಯದು. ಆರು ಚಕ್ರದ ಲಾರಿ, ಗೇರ್ ಲಿವರ್ ಎಮ್ಮೆ ಕೊಂಬು ಹಿಡಿದು ಎಳೆದ ಹಾಗೆ. ಕಲಿಯೋಕೆ ಇದೇ ಒಳ್ಳೇದು ಅಂತ ಮೇಷ್ಟ್ರು ಹೇಳುತ್ತಾರೆ, ಒಪ್ಪೋಣ. ಆದರೆ ಕೆಲಸ ಕೊಡೋರ ಹತ್ತಿರ ಇರೋದು ಹೊಸ ಗಾಡಿಗಳು. ಪವರ್ ಸ್ಟೇರಿಂಗ್, ಹೈ-ಲೋ ಸ್ವಿಚ್ ಇರೋ ಗೇರ್, ಹೊಗೆ ಶುದ್ಧ ಮಾಡೋ ಆಡ್‌ಬ್ಲೂ ದ್ರವದ ಟ್ಯಾಂಕು, ಮಾಲೀಕರ ಮೊಬೈಲಿಗೆ ಎಲ್ಲ ತೋರಿಸೋ ಜಿಪಿಎಸ್. 2025ರ ಅಕ್ಟೋಬರ್‌ನಿಂದ ತಯಾರಾಗೋ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಬೇರೆ. ಇದ್ಯಾವುದೂ ಈ ಸ್ಕೂಲಲ್ಲಿ ಇಲ್ಲ. ಟ್ರೈಲರ್ ಅಂತೂ ಇಲ್ಲವೇ ಇಲ್ಲ. ಬೋರ್ಡಿನಲ್ಲಿ ಚಿತ್ರ ಇರೋದು ಮಾತ್ರ ಟ್ರೈಲರ್‌ದೇ!

ಈಗ ಆ 60,000ದ ಕಥೆ. ಸುಳ್ಳು ಅಂತ ನಾನು ಹೇಳಲ್ಲ. ಅಷ್ಟು ದುಡಿಯೋರು ಇದ್ದಾರೆ, ನೋಡಿದ್ದೇನೆ. ಆದರೆ ಅದು ಲೈಸೆನ್ಸ್ ಕೈಗೆ ಬಂದವನಿಗೆ ಸಿಗೋ ಸಂಬಳ ಅಲ್ಲ. ಲಾರಿ ಲೈನಲ್ಲಿ ಸಂಬಳ ಬೇರೆ, ಬಾಟಾ (ದಾರಿ ಖರ್ಚಿನ ಭತ್ಯೆ) ಬೇರೆ, ಡೀಸೆಲ್ ಉಳಿಸಿದರೆ ಅದರ ಲೆಕ್ಕ ಬೇರೆ. ಕೆಲವು ಕಡೆ ಸಂಬಳವೇ ಇಲ್ಲ, ಟ್ರಿಪ್ ಲೆಕ್ಕ. ಗಾಡಿ ಓಡಿದರೆ ದುಡ್ಡು, ಫ್ಯಾಕ್ಟರಿ ಗೇಟಲ್ಲಿ ಎರಡು ದಿನ ಅನ್‌ಲೋಡ್‌ಗೆ ನಿಂತರೆ ಊಟದ ಖರ್ಚು ನಮ್ಮದೇ. ಕಾನೂನಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಇದೆ. ಟ್ರಿಪ್ ಲೆಕ್ಕದಲ್ಲಿ ಓಡಿಸೋ ಯಾರನ್ನಾದರೂ ಕೇಳಿ, ನಗುತ್ತಾರೆ. ಹಾಗಾಗಿ ಕೆಲಸಕ್ಕೆ ಹೋದಾಗ 'ಎಷ್ಟು ಕೊಡ್ತೀರಾ' ಅಂತ ಕೇಳಬೇಡಿ. ಗಾಡಿ ನಿಂತ ದಿನಕ್ಕೆ ಎಷ್ಟು, ಪಿಎಫ್ ಇದೆಯಾ, ಟೈರ್ ಹೋದರೆ ಯಾರ ತಲೆಗೆ, ದಂಡ ಬಿದ್ದರೆ ಯಾರ ತಲೆಗೆ, ಇದನ್ನು ಕೇಳಿ.

ಜಾಸ್ತಿ ದುಡ್ಡು ಇರೋದು ಕಷ್ಟದ ಲೋಡಿನಲ್ಲಿ. ಟ್ಯಾಂಕರ್, ಟ್ರೈಲರ್, ಕೋಲಾರದ ನರಸಾಪುರದ ಕಡೆಯಿಂದ ಹೊಸ ಬೈಕು ತುಂಬಿಕೊಂಡು ಹೋಗೋ ಉದ್ದದ ಗಾಡಿಗಳು, ಇಂಥವು. ಮಂಗಳೂರಿಂದ ಬರೋ ಗ್ಯಾಸ್ ಬುಲೆಟ್ ಟ್ಯಾಂಕರ್ ಓಡಿಸಬೇಕು ಅಂದರೆ ಹೆವಿ ಲೈಸೆನ್ಸ್ ಒಂದೇ ಸಾಲದು. ಅಪಾಯಕಾರಿ ಸರಕಿನ 3 ದಿನದ ತರಬೇತಿ ಮುಗಿಸಿ ಲೈಸೆನ್ಸ್ ಮೇಲೆ ಅದನ್ನು ನಮೂದು ಮಾಡಿಸಬೇಕು. ಆ ನಮೂದು ಬರೀ 3 ವರ್ಷ, ಮಾಮೂಲಿ ಸಾರಿಗೆ ಲೈಸೆನ್ಸ್ ಆದರೆ 5 ವರ್ಷ. ಇಷ್ಟು ದೊಡ್ಡ ವಿಷಯ ಆಫೀಸಿನ ಹುಡುಗನಿಗೇ ಗೊತ್ತಿರಲಿಲ್ಲ. ಮೇಷ್ಟ್ರು ಹೇಳಿದ್ದು, ಅದೂ ಟೀ ಅಂಗಡಿಯಲ್ಲೇ.

ಸರ್ಕಾರಿ ಕೆಲಸ ಬೇಕು ಅನ್ನೋರಿಗೂ ಆಫೀಸಿನವರು 'ಲೈಸೆನ್ಸ್ ಆದ್ರೆ ಕೆಎಸ್‌ಆರ್‌ಟಿಸಿ ಗ್ಯಾರಂಟಿ' ಅಂತ ಆಸೆ ಹುಟ್ಟಿಸುತ್ತಾರೆ. ಡ್ರೈವರ್ ಕಮ್ ಕಂಡಕ್ಟರ್ ಕೆಲಸಕ್ಕೆ ಹೆವಿ ಲೈಸೆನ್ಸ್ ಆಗಿ 2 ವರ್ಷ ಆಗಿರಬೇಕು, ಎಸ್‌ಎಸ್‌ಎಲ್‌ಸಿ ಬೇಕು, ಬ್ಯಾಡ್ಜ್ ಬೇಕು, ಆಮೇಲೆ ಹುಮನಾಬಾದ್ ಟ್ರ್ಯಾಕಿನ ಟೆಸ್ಟು. ಅಲ್ಲಿ ನೋಡೋದು ಕಂಪ್ಯೂಟರ್, ಶಿಫಾರಸು ನಡೆಯಲ್ಲ. ಅದರ ಬದಲು ಐಟಿಐ ಮಾಡಿರೋ ಹುಡುಗರು ರೈಲ್ವೆ ಕಡೆ ನೋಡಿದರೆ ಇನ್ನೂ ಒಳ್ಳೇದು. ಅಸಿಸ್ಟೆಂಟ್ ಲೋಕೋ ಪೈಲಟ್‌ಗೆ (ರೈಲು ಡ್ರೈವರ್‌ನ ಸಹಾಯಕ) ಮೂಲ ವೇತನ 19,900 ಅಂತ ಕೇಳಿದಾಗ ಕಡಿಮೆ ಅನ್ನಿಸುತ್ತೆ, ಆದರೆ ಡಿಎ, ಮನೆ ಬಾಡಿಗೆ ಭತ್ಯೆ, ರೈಲು ಓಡಿಸಿದ ಕಿಲೋಮೀಟರ್ ಮೇಲಿನ ಭತ್ಯೆ ಎಲ್ಲ ಸೇರಿದ ಮೇಲೆ ಲೆಕ್ಕವೇ ಬೇರೆ.

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಗಲ್ಫ್ ವಿಷಯಕ್ಕೆ. ಕೋರ್ಸ್ ಮುಗಿಯೋ ಹೊತ್ತಿಗೆ ಆಫೀಸಿಗೆ ಒಬ್ಬರು ಬಂದು ಸೌದಿಯಲ್ಲಿ ಟ್ರೈಲರ್ ಕೆಲಸ, ಒಂದೂವರೆ ಲಕ್ಷ ಕಟ್ಟಿ ಅಂತ ಶುರು ಮಾಡಿದರು. ನೋಡಿ, ಹೊರದೇಶಕ್ಕೆ ಆಳು ಕಳಿಸೋ ಏಜೆಂಟ್‌ಗೆ 1983ರ ವಲಸೆ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ನೋಂದಣಿ ಇರಬೇಕು. ಅವನು ತೆಗೆದುಕೊಳ್ಳಬಹುದಾದ ಶುಲ್ಕ 30,000, ಮೇಲೆ ಜಿಎಸ್‌ಟಿ. ನೋಂದಣಿ ಇದೆಯೋ ಇಲ್ಲವೋ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. 'ನಂಬರ್ ಕೊಡಿ ಅಣ್ಣಾ, ನೋಡ್ತೀನಿ' ಅಂದಿದ್ದಕ್ಕೆ ಆ ಮನುಷ್ಯ ಫೋನ್ ಬಂತು ಅಂತ ಎದ್ದು ಹೋದರು. ಹತ್ತನೇ ಕ್ಲಾಸ್ ಓದದ ಹುಡುಗರು ಕೈಯಲ್ಲಿ ದುಡ್ಡು ಹಿಡಿದುಕೊಂಡು ಅಲ್ಲೇ ಕೂತಿದ್ದರು. ಸ್ಕೂಲಿನವರಿಗೆ ಇದರಲ್ಲಿ ಪಾಲಿದೆಯೋ ಇಲ್ಲವೋ, ಆದರೆ ಕುರ್ಚಿ ಹಾಕಿ ಕೂರಿಸಿದ್ದು ಅವರೇ ಅಲ್ವಾ?

ಇಷ್ಟೆಲ್ಲ ಆದರೂ ಸೇರಬೇಡಿ ಅಂತ ನಾನು ಹೇಳಲ್ಲ. ಕೈ ಕೂರಬೇಕು ಅಂದರೆ ಆ ಮೇಷ್ಟ್ರ ಹತ್ತಿರವೇ ಕೂರಬೇಕು. ಬೆಳಿಗ್ಗೆ ಆರರ ಬ್ಯಾಚ್ ಕೇಳಿ. ಎಂಟರ ಮೇಲೆ ರಿಂಗ್ ರೋಡಲ್ಲಿ ಕ್ಲಚ್ ಒತ್ತಿ ನಿಲ್ಲೋದರಲ್ಲೇ ಪಾಠ ಮುಗಿಯುತ್ತೆ. ಭಾನುವಾರ ಮೇಷ್ಟ್ರು ಬರಲ್ಲ, ಬದಲಿಗೆ ಬರೋನು ಮೊಬೈಲ್ ನೋಡಿಕೊಂಡು ಕೂರುತ್ತಾನೆ. ಅವತ್ತು ಹೋಗದಿದ್ದರೂ ನಷ್ಟ ಇಲ್ಲ. ಫೀಸು ಪೂರ್ತಿ ಒಂದೇ ಸಲ ಕೊಡಬೇಡಿ, ಎಲ್‌ಎಲ್‌ಆರ್ ಆದಾಗ ಅರ್ಧ, ಬಾಕಿ ಫಾರಂ 5 ಕೈಗೆ ಬಂದ ಮೇಲೆ ಅಂತ ಮೊದಲೇ ಹೇಳಿ. ಸ್ವಲ್ಪ ಮುಖ ಗಂಟು ಹಾಕುತ್ತಾರೆ, ಆಮೇಲೆ ಒಪ್ಪುತ್ತಾರೆ.