ಟ್ರೈಫಾರಿ, ಕೋರೋ, ಹ್ಯಾಸ್ಕೆಲ್: ಹಳೇ ಗಿಲೀಟು ಒಡವೆಗೆ ದುಡ್ಡು ಹಾಕುವ ಮುನ್ನ

ಹಾಕಿಕೊಂಡು ಓಡಾಡಲು ಕೊಳ್ಳುವುದಾದರೆ ಟ್ರೈಫಾರಿಯನ್ನೇ ಕೊಳ್ಳಿ. ಮೂರೂ ನ್ಯೂಯಾರ್ಕಿನ ಹಳೇ ಗಿಲೀಟು ಒಡವೆ ಕಂಪನಿಗಳೇ, ಮೂರರಲ್ಲೂ ಹೊಳೆಯುವುದು ಗಾಜೇ. ವ್ಯತ್ಯಾಸ ಕಾಣಬೇಕಾದರೆ ಬ್ರೂಚ್ ತಿರುಗಿಸಿ ಬೆನ್ನು ನೋಡಬೇಕು.

ಟ್ರೈಫಾರಿಯ ಬೆನ್ನೂ ನುಣುಪು. ಕಾರಣ ವಿನ್ಯಾಸಕಾರ ಆಲ್ಫ್ರೆಡ್ ಫಿಲಿಪ್. ನೇಪಲ್ಸ್‌ನಿಂದ 1904ರಲ್ಲಿ ಬಂದ ಗುಸ್ತಾವೊ ಟ್ರೈಫಾರಿ ಕಟ್ಟಿದ ಕಂಪನಿಗೆ ಈತ ಸೇರಿದ್ದು 1930ರಲ್ಲಿ. ಅದಕ್ಕೂ ಮೊದಲು ದುಬಾರಿ ಒಡವೆ ಕಂಪನಿಗಳಾದ ಕಾರ್ಟಿಯೆ, ವಾನ್ ಕ್ಲೀಫ್‌ಗಳ ಅಸಲಿ ಒಡವೆಗೆ ವಿನ್ಯಾಸ ಬರೆದು ಪಳಗಿದ ಕೈ. ಎರಡನೇ ಮಹಾಯುದ್ಧದಲ್ಲಿ ಲೋಹಕ್ಕೆ ನಿರ್ಬಂಧ ಬಿದ್ದಾಗ ಸ್ಟರ್ಲಿಂಗ್ ಬೆಳ್ಳಿಗೆ ಚಿನ್ನದ ನೀರು ಕೊಟ್ಟು ಮಾರಿದರು. 1947ರ ಹೊತ್ತಿಗೆ 'ಟ್ರೈಫೇನಿಯಂ' ಮಿಶ್ರಲೋಹ ಬಂತು. ಅದರ ಬಣ್ಣ ಇವತ್ತಿಗೂ ಏಣುಗಳಲ್ಲಿ ಬಿಟ್ಟರೆ ಸವೆದಿರುವುದು ಕಡಿಮೆ. ಅಮೆರಿಕದ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್ 1953ರ ಪದಗ್ರಹಣದ ನೃತ್ಯಕೂಟಕ್ಕೆ ಹಾಕಿಕೊಂಡದ್ದೂ ಟ್ರೈಫಾರಿಯ ಕೃತಕ ಮುತ್ತನ್ನೇ.

ಕೋರೋ ಅಂದರೆ ಕೋನ್ ಮತ್ತು ರೋಸೆನ್‌ಬರ್ಗರ್, 1901. ಅಮೆರಿಕದ ಪ್ರಾವಿಡೆನ್ಸ್ ನಗರದ ಕಾರ್ಖಾನೆಯಲ್ಲಿ ರಾಶಿಗಟ್ಟಲೆ ಮಾಡಿದ್ದರಿಂದ ಅಗ್ಗ, ಗುಣಮಟ್ಟ ಏರುಪೇರು. 'ಕೋರೋಕ್ರಾಫ್ಟ್' ಮುದ್ರೆ ಇದ್ದರೆ ಒಂದು ಮೆಟ್ಟಿಲು ಮೇಲು. ಎರಡು ಕ್ಲಿಪ್ ಸೇರಿ ಒಂದು ಬ್ರೂಚ್ ಆಗುವ 'ಡ್ಯುಯೆಟ್' ಕೊಳ್ಳುವಾಗ ಎರಡನ್ನೂ ಚೌಕಟ್ಟಿನಿಂದ ಜಾರಿಸಿ ತೆಗೆದು ನೋಡಿ. ಸ್ಪ್ರಿಂಗ್ ಸಡಿಲವಾಗಿದ್ದರೆ ಬಟ್ಟೆಯ ಮೇಲೆ ನಿಲ್ಲುವುದಿಲ್ಲ.

ಮಿರಿಯಂ ಹ್ಯಾಸ್ಕೆಲ್ ಅಂಗಡಿ ತೆರೆದದ್ದು 1926ರಲ್ಲಿ. ಜಾಲರಿ ತಟ್ಟೆಗೆ ಮಣಿಯನ್ನು ಒಂದೊಂದಾಗಿ ತಂತಿಯಲ್ಲಿ ಹೆಣೆದ ಕೆಲಸ. ಕಣ್ಣಿಗೆ ಹಬ್ಬ, ಜೇಬಿಗೆ ಉಪವಾಸ. ತಂತಿ ತುಂಡಾದರೆ ತಂತಿಯಿಂದಲೇ ಹೆಣೆಯಬೇಕು, ಅಂಟು ಹಚ್ಚಿದರೆ ಬೆಲೆ ಬಿತ್ತು.

ಇನ್ನು ಮೂರರಲ್ಲೂ ಕಾಡುವ ತಾಪತ್ರಯ ಸತ್ತ ಹರಳು. ಗಾಜಿನ ಹರಳಿನ ಬೆನ್ನಿಗೆ ಬೇಗಡೆಯಂಥ ಲೋಹದ ಪದರ ಇರುತ್ತದೆ, ಹೊಳಪೆಲ್ಲ ಅದರದ್ದೇ. ಅಂಚಿನ ಸಂದಿಯಿಂದ ನೀರೋ ಬೆವರೋ ಸೆಂಟೋ ಇಳಿದರೆ ಪದರ ಏಳುತ್ತದೆ, ಹರಳು ಬೂದಿಬಣ್ಣಕ್ಕೋ ಹಳದಿಗೋ ತಿರುಗುತ್ತದೆ. ಮತ್ತೆ ಜೀವ ಬರುವುದಿಲ್ಲ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಇದು ಮುಚ್ಚಿಹೋಗುತ್ತದೆ. ಕಿಟಕಿ ಬೆಳಕಿನಲ್ಲಿ ಓರೆಯಾಗಿ ತೆಗೆದದ್ದು ಕೇಳಿ.

ಆದ್ದರಿಂದ ನೀರಲ್ಲಿ ಅದ್ದಲೇಬೇಡಿ. ಒಣ ಮೆದು ಬ್ರಷ್ ಸಾಕು. ಹಸಿರು ಕಿಲುಬು ಹಿಡಿದಿದ್ದರೆ ಹಲ್ಲುಕಡ್ಡಿಯಿಂದ ಕೆರೆದು, ವಿನೆಗರ್ ತಾಗಿಸಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಿ, ನೀರು ತಾಗಿಸಿದ ಇನ್ನೊಂದರಿಂದ ಒರೆಸಿ, ಹರಳು ಕೆಳಮುಖವಾಗಿ ಹಿಡಿದು ತಣ್ಣನೆ ಗಾಳಿಗೆ ಒಣಗಿಸಿ. ಕರಾವಳಿಯ ಮಳೆಗಾಲಕ್ಕೆ ಡಬ್ಬಿಯೊಳಗೆ ಸಿಲಿಕಾ ಜೆಲ್ ಇರಲಿ.

ಹರಳು ಬದಲಿಸುವಾಗ ಗುಳಿಯಲ್ಲಿರುವ ಹಳೇ ಅಂಟನ್ನು ಸೂಜಿಯಿಂದ ಪೂರ್ತಿ ಕೆರೆಯಿರಿ, ಇಲ್ಲದಿದ್ದರೆ ಹೊಸ ಹರಳು ಮೇಲೆದ್ದು ಕೂರುತ್ತದೆ. ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ, ಹರಳಿನ ಗಾತ್ರವನ್ನು ಎಸ್‌ಎಸ್ ಸಂಖ್ಯೆಯಲ್ಲಿ ಹೇಳುತ್ತಾರೆ: ಎಸ್‌ಎಸ್ 12 ಅಂದರೆ ಸುಮಾರು 3.1 ಮಿ.ಮೀ., ಎಸ್‌ಎಸ್ 16 ಅಂದರೆ ಸುಮಾರು 3.9. ಎರಡು ಟ್ಯೂಬಿನ ಎಪಾಕ್ಸಿ, ಸೂಜಿಮೊನೆಯಷ್ಟು. ಸೂಪರ್ ಗ್ಲೂ ಬೇಡ, ಅದರ ಆವಿಗೆ ಹರಳು ಮಬ್ಬಾಗುತ್ತದೆ. ಹೊಸ ಹರಳಿನ ಹೊಳಪು ಪಕ್ಕದ ಹಳೆಯವುಗಳ ನಡುವೆ ಎದ್ದು ಕಾಣುತ್ತದೆ. ಮುರಿದ ಕೋರೋ ಕೊಂಡು ಅದರ ಹರಳು ಕಿತ್ತು ಕೂರಿಸುವುದೇ ವಾಸಿ. (ಕೋರೋದ ಅತ್ಯುತ್ತಮ ಉಪಯೋಗ ಇದೇ ಅನ್ನಿಸುವ ದಿನಗಳೂ ಉಂಟು.)

ಮುದ್ರೆಯ ಮಾತು. ಒಡವೆಯ ವಿನ್ಯಾಸಕ್ಕೂ ಕಾಪಿರೈಟ್ ಸಲ್ಲುತ್ತದೆಂದು ಟ್ರೈಫಾರಿ ಕೋರ್ಟಿನಲ್ಲಿ ಗೆದ್ದದ್ದು 1955ರಲ್ಲಿ. ಕಾಪಿರೈಟ್ ಸಾರುವ, ವೃತ್ತದೊಳಗಿನ ಸಿ ಗುರುತು ಸಾಮಾನ್ಯವಾಗಿ ಅದರಿಂದೀಚಿನದು. ಅದು ಇದ್ದೂ 'ಯುದ್ಧಕಾಲದ್ದು' ಅಂತ ಮಾರುತ್ತಿದ್ದರೆ ಅನುಮಾನಪಡಿ. ಹ್ಯಾಸ್ಕೆಲ್‌ನಲ್ಲಿ ಉಲ್ಟಾ: 1940ರ ದಶಕದ ಕೊನೆಯವರೆಗೆ ಹೆಚ್ಚಿನವಕ್ಕೆ ಮುದ್ರೆಯೇ ಇಲ್ಲ, ಆಗ ತಂತಿಯ ಕೆಲಸ ನೋಡಿಯೇ ಗುರುತಿಸಬೇಕು.

ವಾರಕ್ಕೆರಡು ಸಲ ಸೀರೆ ಸೆರಗಿಗೆ ಚುಚ್ಚುವವರಿಗೆ ಐವತ್ತರ ದಶಕದ ಟ್ರೈಫೇನಿಯಂ ಬ್ರೂಚ್ ಸಾಕು, ಹರಳು ಕಡಿಮೆ ಇರುವುದನ್ನೇ ಆರಿಸಿ. ರಿಪೇರಿ ಕಲಿಯುವವರಿಗೆ ಕೋರೋ. ಹ್ಯಾಸ್ಕೆಲ್ ಬೀರುವಿನಲ್ಲಿಟ್ಟು ನೋಡುವವರಿಗೆ.